ನೂರು ಗಿನಿಪಿಗ್ ನೋಡಿದ ಡಾಕ್ಟರು

ಭಾನುವಾರ ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಶಿವಲಕ್ಷ್ಮಿ ಅಡುಗೆಮನೆಯ ಕಟ್ಟೆಯ ಮೇಲೆ, ಬೇಳೆ ತೂಗುವ ತಕ್ಕಡಿಯಲ್ಲಿ ಗಿನಿಪಿಗ್ ತೂಗುತ್ತಿದ್ದಳು. ಏಳುನೂರ ತೊಂಬತ್ತು ಗ್ರಾಂ. ಹಿಂದಿನ ಭಾನುವಾರ ಎಂಟುನೂರ ಎಪ್ಪತ್ತು ಇತ್ತು, ಅದರ ಹಿಂದಿನ ಭಾನುವಾರ ಒಂಬೈನೂರ ಹನ್ನೆರಡು. ತಕ್ಕಡಿ ಕೆಟ್ಟಿರಬಹುದೆಂದು ಅರ್ಧ ಕಿಲೋ ಉಪ್ಪಿನ ಪೊಟ್ಟಣ ಇಟ್ಟು ನೋಡಿದಳು. ತಕ್ಕಡಿ ಸರಿಯಾಗಿಯೇ ಇತ್ತು. ಕೆಟ್ಟಿದ್ದುದು ಗಿನಿಪಿಗ್.

"ಬೆಲ್ಲ ಕುಂಟ್ತೈತೆ ಕಣಮ್ಮ," ಎಂದರು ಬಾಗಿಲಲ್ಲಿ ನಿಂತಿದ್ದ ಅತ್ತೆ ಕರಿಬಸಮ್ಮ. "ಮುಟ್ಟಿದ್ರೆ ಕಿರ್‍ರಂತ ಅರಚ್ತೈತೆ. ಎಳ್ಳೂ ರಾತ್ರಿಯಿಂದ ಮೂಲೆ ಹಿಡಿದೈತೆ."

ಗಿನಿಪಿಗ್‌ಗಳು ಎರಡು. ಕಂದುಬಣ್ಣದ್ದು ಬೆಲ್ಲ, ಕಪ್ಪು ಬಣ್ಣದ್ದು ಎಳ್ಳು. ಹೆಸರಿಟ್ಟವರು ಕರಿಬಸಮ್ಮ. ಶಿವಲಕ್ಷ್ಮಿಯ ನೋಟ್‌ಬುಕ್ಕಿನಲ್ಲಿ ಅವು 'ಎ' ಮತ್ತು 'ಬಿ'. ಬಡವನಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಅವಳಿಗೆ, ವರ್ಗವಾಗಿ ಹೋದ ಸಹೋದ್ಯೋಗಿಯೊಬ್ಬರು ಪಂಜರದ ಸಮೇತ ಅವನ್ನು ಬಿಟ್ಟುಹೋಗಿದ್ದರು. ಮಧುಗಿರಿಯ ಮನೆಗೆ ಬಂದ ದಿನ ಅತ್ತೆ "ಇಲಿನಾ ದುಡ್ಡು ಹಾಕಿ ಸಾಕ್ತಾರಾ?" ಎಂದಿದ್ದರು. ಎರಡನೇ ವಾರ ಇಲಿಗಳಿಗೆ ಹೆಸರು ಬಂತು. ನಾಲ್ಕನೇ ವಾರ ಅತ್ತೆ ಸಂತೆಯಲ್ಲಿ ಕೊತ್ತಂಬರಿ ಕೊಳ್ಳುವಾಗ "ಕಡ್ಡಿ ಜಾಸ್ತಿ ಇರೋ ಕಟ್ಟು ಕೊಡಪ್ಪ" ಎನ್ನತೊಡಗಿದರು.

ಇಪ್ಪತ್ತು ದಿನದ ಹಿಂದೆ ಈ ಅರಾಜಕತೆಗೆ ಶಿವಲಕ್ಷ್ಮಿ ಅಂತ್ಯ ಹಾಡಿದ್ದಳು. ನಡುಮನೆಯ ತುಂಬ ಕೊತ್ತಂಬರಿ ಕಡ್ಡಿ, ನುಗ್ಗೆಸೊಪ್ಪಿನ ದಂಟು, ಸೀಬೆಕಾಯಿಯ ಚೂರು. ಯಾರು ಎಷ್ಟು ತಿಂದರು ಎಂಬುದಕ್ಕೆ ದಾಖಲೆಯೇ ಇಲ್ಲ. ಅವಳು ಆನ್‌ಲೈನಿನಲ್ಲಿ ಮೊಲದ ಆಹಾರದ ಗುಳಿಗೆ ತರಿಸಿದಳು. 'ಸಂಪೂರ್ಣ ಸಮತೋಲಿತ ಆಹಾರ' ಎಂದು ಚೀಲದ ಮೇಲೇ ಅಚ್ಚಾಗಿತ್ತು. ಒಂದಕ್ಕೆ ದಿನಕ್ಕೆ ನಲವತ್ತೈದು ಗ್ರಾಂ ಎಂದು ಫ್ರಿಜ್ಜಿನ ಬಾಗಿಲಿಗೆ ಚಾರ್ಟ್ ಅಂಟಿಸಿ, ಅತ್ತೆಯ ಕೈಯಲ್ಲಿದ್ದ ಕೊತ್ತಂಬರಿ ಕಡ್ಡಿಯನ್ನು ತೋರಿಸಿ ಗಟ್ಟಿಯಾಗಿ ಹೇಳಿದ್ದಳು:

"ಇದರಲ್ಲಿ ಏನಿದೆ ಅತ್ತೆ? ನೀರು, ನಾರು. ಪೋಷಕಾಂಶ ಸೊನ್ನೆ."

ಕರಿಬಸಮ್ಮ ಕಡ್ಡಿಯನ್ನು ಸಾರಿಗೆ ಹಾಕಿದ್ದರು.

ಈಗ ಶಿವಲಕ್ಷ್ಮಿ ಗ್ರಾಫ್ ಹಾಳೆ ತೆಗೆದು ಮೂರು ಷರತ್ತು ಬರೆದಳು. ಡಾಕ್ಟರು ಕನಿಷ್ಠ ನೂರು ಗಿನಿಪಿಗ್ ನೋಡಿರಬೇಕು. ಫೀಸು ಐನೂರು ರೂಪಾಯಿ ದಾಟಬಾರದು. ದೂರ ಅರವತ್ತು ಕಿಲೋಮೀಟರಿನ ಒಳಗಿರಬೇಕು.

"ಬುಧವಾರದೊಳಗೆ ಹುಡುಕ್ತೀನಿ. ಕ್ರಮವಾಗಿ ಹುಡುಕಿದ್ರೆ ಸಿಗದೇ ಇರೋದು ಅಂತ ಯಾವುದೂ ಇಲ್ಲ."

ಬೀಜ, ಗೊಬ್ಬರದ ಅಂಗಡಿ ಇಟ್ಟಿರುವ ಗಂಡ ಚಿರಂಜೀವಿ ಹಾಳೆ ಓದಿದ. "ಮೇಡಮ್ಮೋರೇ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸೇರಿಸಿದ್ರೂ ನೂರು ಗಿನಿಪಿಗ್ ಇಲ್ಲ. ಡಾಕ್ಟರು ಎಲ್ಲಿಂದ ನೋಡಿರ್ತಾರೆ?"

"ನೀವು ಅಂಗಡಿಗೆ ಹೊರಡಿ."

ಸೋಮವಾರ ಊರಿನ ದನದ ಡಾಕ್ಟರು ಬುಟ್ಟಿಯೊಳಗೆ ಇಣುಕಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. "ಇಪ್ಪತ್ತಾರು ವರ್ಷ ಸರ್ವೀಸು ಮೇಡಂ. ಹಸು, ಎಮ್ಮೆ, ಕುರಿ, ಒಂದ್ಸಲ ಸರ್ಕಸ್ಸಿನ ಒಂಟೆ ಕೂಡ ನೋಡಿದ್ದೀನಿ. ಇದನ್ನ ನೋಡಿಲ್ಲ. ಸುಳ್ಳು ಹೇಳಿ ಸೂಜಿ ಹಾಕೋಕೆ ಮನಸ್ಸು ಬರಲ್ಲ."

"ಜ್ವರ ಇದೆಯಾ ಅಂತಾದ್ರೂ ನೋಡಿ ಸರ್."

ಡಾಕ್ಟರು ಎಮ್ಮೆಗಿಡುವ ಥರ್ಮಾಮೀಟರನ್ನು ತಂದು ಬೆಲ್ಲದ ಪಕ್ಕಕ್ಕೆ ಹಿಡಿದರು. ಅದು ಬೆಲ್ಲದ ಉದ್ದದ ಸರಿಯಾಗಿ ಅರ್ಧವಿತ್ತು. ಇಬ್ಬರೂ ಅದನ್ನೇ ಒಂದು ಕ್ಷಣ ನೋಡಿದರು. ಡಾಕ್ಟರು ಅದನ್ನು ಡಬ್ಬಿಗೆ ಹಾಕಿದರು.

ಮನೆಗೆ ಬಂದವಳೇ ಬೆಂಗಳೂರಿನ ಒಂದು ಸಾಕುಪ್ರಾಣಿ ಆಸ್ಪತ್ರೆಗೆ ಫೋನ್ ಮಾಡಿದಳು. ದೂರದ ಷರತ್ತನ್ನು ಮುರಿಯುತ್ತಿದ್ದೇನೆಂದು ನೋಟ್‌ಬುಕ್ಕಿನಲ್ಲಿ ಕಾರಣಸಹಿತ ಬರೆದೇ ಮಾಡಿದಳು.

"ಬೇಬಿ ಹೆಸರೇನು ಮ್ಯಾಮ್?" ಎಂದಿತು ಜೇನಿನಂಥ ದನಿ.

"ಬೇಬಿ ಅಲ್ಲ. ಗಿನಿಪಿಗ್. ಎರಡು."

"ನಾವು ಬೇಬಿ ಅಂತಾನೇ ಅನ್ನೋದು ಮ್ಯಾಮ್. ಒಂದು ಬೇಬಿಗೆ ಕನ್ಸಲ್ಟೇಶನ್ ಎರಡು ಸಾವಿರ. ಸ್ಕ್ಯಾನಿಂಗು, ಬ್ಲಡ್ಡು ಬೇರೆ."

"ನಿಮ್ಮ ಡಾಕ್ಟರು ಎಷ್ಟು ಗಿನಿಪಿಗ್ ನೋಡಿದ್ದಾರೆ?"

"ಡಾಕ್ಟರ್ ಗಿಳಿ ಸ್ಪೆಷಲಿಸ್ಟ್ ಮ್ಯಾಮ್."

ಶಿವಲಕ್ಷ್ಮಿ ಫೋನ್ ಇಟ್ಟ ರಭಸಕ್ಕೆ ಎಳ್ಳು ಬೆಚ್ಚಿತು. "ಗಿಳಿ ನೋಡೋರಿಗೆ ಎರಡೆರಡು ಸಾವಿರ ಯಾಕ್ರೀ ಕೊಡಬೇಕು? ಇವಕ್ಕೇನು ರೆಕ್ಕೆ ಇದೆಯಾ? ದೇಶದಲ್ಲಿ ಒಂದು ಸಣ್ಣ ಪ್ರಾಣಿಗೆ ಬೆಲೆಯೇ ಇಲ್ಲ!"

"ಎರಡು ಸಾವಿರ ಅಂದ್ರಲ್ಲ," ಎಂದ ಚಿರಂಜೀವಿ. "ನನ್ನ ಅಪೆಂಡಿಕ್ಸ್‌ಗೆ ಇನ್ನೂರು ರೂಪಾಯಿ ಫೀಸು ಜಾಸ್ತಿ ಅಂತ ಜಗಳ ಆಡಿದ್ದೆ ನೀನು."

ಮಂಗಳವಾರ ಸಂಜೆ ಕೊರಟಗೆರೆ. ರೇವಂತ್ ಎಂಬ ಹೊಸ ಡಾಕ್ಟರು. ಮೊದಲ ಪ್ರಶ್ನೆಗೇ ಸತ್ಯ ಒಪ್ಪಿಕೊಂಡ. "ಎರಡು ನೋಡಿದ್ದೀನಿ ಮೇಡಂ. ಕಾಲೇಜಿನಲ್ಲಿ. ಫಾರ್ಮಲಿನ್ ಜಾಡಿಯೊಳಗೆ." ಶಿವಲಕ್ಷ್ಮಿಯ ಮುಖ ನೋಡಿ ಅವಸರದಿಂದ ಸೇರಿಸಿದ: "ಅನುಭವವೇ ಬೇಕು ಅಂದ್ರೆ ನಿಡುಗಲ್ಲಿನ ರೇಣುಕಯ್ಯನೋರ ಹತ್ರ ಹೋಗಿ. ಡಾಕ್ಟರಲ್ಲ, ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೋರು. ಆದ್ರೆ ಹನ್ನೆರಡು ಸಾವಿರ ಗಿನಿಪಿಗ್ ನೋಡಿದ್ದಾರೆ."

ಹನ್ನೆರಡು ಸಾವಿರ. ಅವಳು ಕೇಳಿದ್ದಕ್ಕಿಂತ ನೂರಿಪ್ಪತ್ತು ಪಟ್ಟು. ಶಿವಲಕ್ಷ್ಮಿ ಆ ರಾತ್ರಿಯೇ ರಜೆ ಚೀಟಿ ಬರೆದಳು.

ಬುಧವಾರ ಚಿರಂಜೀವಿಯ ಓಮ್ನಿಯಲ್ಲಿ ಬೀಜದ ಚೀಲಗಳ ನಡುವೆ ಪಂಜರ, ಪಂಜರದ ಪಕ್ಕ ಕರಿಬಸಮ್ಮ. ಬೆಲ್ಲ ಕಣ್ಣು ಮುಚ್ಚಿಕೊಂಡಿತ್ತು. ನಿನ್ನೆಯಿಂದ ಗುಳಿಗೆ ಮೂಸಿಯೂ ನೋಡಿರಲಿಲ್ಲ. "ಇನ್ನೆಷ್ಟು ದೂರ್‍ಲಾ?" ಎಂದು ಅತ್ತೆ ಮಗನನ್ನು ಹನ್ನೊಂದು ಸಲ ಕೇಳಿದರು. ಎಣಿಸಿದವಳು ಸೊಸೆ. ಅವಳೂ ಬಾಯಿಬಿಟ್ಟು ಕೇಳದಿದ್ದರೂ ಹಿಂದಿನ ಸೀಟಿಗೆ ಕೈ ಚಾಚಿ ಬೆಲ್ಲದ ಪಕ್ಕೆ ಏರಿಳಿಯುತ್ತಿದೆಯೇ ಎಂದು ದಾರಿಯುದ್ದಕ್ಕೂ ನೋಡುತ್ತಿದ್ದಳು.

ರೇಣುಕಯ್ಯ ಜಗಲಿಯ ಮೇಲೆ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಪಂಜರ ನೋಡಿದ್ದೇ ಎದ್ದು ಕೈ ತೊಳೆದು ಬಂದರು. "ಅಯ್ಯೋ, ರಾವಮ್ಮಾ ತಲ್ಲಿ, ಬಾ ತಾಯಿ," ಎಂದು ಗಡಿಸೀಮೆಯ ತೆಲುಗು ಬೆರೆಸಿ ಕರೆಯುತ್ತ ಒಂದು ಅಂಗೈಯನ್ನು ಬೆಲ್ಲದ ಹಿಂಭಾಗಕ್ಕೆ ಕೊಟ್ಟು, ಇನ್ನೊಂದರಲ್ಲಿ ಎದೆ ಹಿಡಿದು ಎತ್ತಿದರು. ನಾಲ್ಕು ದಿನದಿಂದ ಮುಟ್ಟಿದರೆ ಅರಚುತ್ತಿದ್ದ ಪ್ರಾಣಿ ಸದ್ದಿಲ್ಲದೆ ಅವರ ಎದೆಗೆ ಒರಗಿತು.

ಶಿವಲಕ್ಷ್ಮಿ ನೋಟ್‌ಬುಕ್ ತೆರೆದಳು. "ನೀವು ನೋಡಿದ ಹನ್ನೆರಡು ಸಾವಿರದಲ್ಲಿ ಎಷ್ಟು ಗುಣ ಆದವು?"

"ಒಂದೂ ಇಲ್ಲಮ್ಮ."

ಪೆನ್ನು ನಿಂತಿತು.

"ಅವು ಗುಣ ಆಗಾಕೆ ಬಂದಿದ್ದಲ್ಲ ಕಣಮ್ಮ. ಅದು ಔಷಧಿ ಪರೀಕ್ಷೆ ಮಾಡೋ ಲ್ಯಾಬು. ನಂದು ಸಾಕೋ ಕೆಲ್ಸ. ಆಮೇಲೆ ಸೂಜಿ ಹಾಕೋರು ಬಂದು ತಗೊಂಡ್ ಹೋಗೋರು."

"ರೀ, ಗಾಡಿ ಸ್ಟಾರ್ಟ್ ಮಾಡಿ," ಎಂದಳು ಶಿವಲಕ್ಷ್ಮಿ. ಮುಖ ಕೆಂಪಾಗಿತ್ತು. "ಅರವತ್ತು ಕಿಲೋಮೀಟರ್ ಬಂದಿದ್ದು ಇದಕ್ಕಾ? ಹನ್ನೆರಡು ಸಾವಿರಕ್ಕೆ ಹನ್ನೆರಡು ಸಾವಿರವೂ ಹೋದ ಮೇಲೆ ಅದನ್ನ ಯಾರಾದ್ರೂ ಅನುಭವ ಅಂತಾರಾ?"

ಕರಿಬಸಮ್ಮ ಜಗಲಿ ಬಿಟ್ಟು ಏಳಲಿಲ್ಲ. "ನೀನು ಹೋಗು ತಾಯಿ. ಬೆಲ್ಲ ಅವ್ರ ಕೈಯಾಗೆ ಸುಮ್ಕೈತೆ. ನಾನು ಬಸ್ಸಿಗೆ ಬತ್ತೀನಿ."

ರೇಣುಕಯ್ಯನವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಹೆಬ್ಬೆರಳಿನಿಂದ ಬೆಲ್ಲದ ತುಟಿ ಸರಿಸಿದರು. ಒಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಮೊಣಕಾಲು ಊದಿತ್ತು. "ಕಾಯ್ಲೆ ಬಿದ್ದದ್ದನ್ನ ಪರೀಕ್ಷೆಗೆ ತಗೊಳ್ತಿರ್ಲಿಲ್ಲಮ್ಮ. ಅದಕ್ಕೇ ದಿನಾ ತಳ್ಳುಗಾಡಿ ತುಂಬ ಸೊಪ್ಪು ಹಾಕ್ತಿದ್ದೆ. ಇವಕ್ಕೆ ಸೊಪ್ಪು ನಿಲ್ಸಿ ಎಷ್ಟು ದಿನ ಆಯ್ತು?"

"ಇಪ್ಪತ್ತಮೂರು," ಎಂದಳು ಶಿವಲಕ್ಷ್ಮಿ. ಲೆಕ್ಕ ಕೇಳಿದರೆ ಅವಳಿಗೆ ಉತ್ತರಿಸದೆ ಇರಲಾಗುವುದಿಲ್ಲ.

"ಅದೇ ಮತ್ತೆ. ಮೊಲಕ್ಕಾದ್ರೆ ಸಿ ವಿಟಮಿನ್ ಮೈಯಾಗೇ ಆಗ್ತೈತೆ. ಇವಕ್ಕೆ ಆಗಾಕಿಲ್ಲ. ನಮ್ಗೂ ಆಗಾಕಿಲ್ಲ. ಹಳೇ ಕಾಲ್ದಾಗೆ ಹಡಗಿನೋರ ಹಲ್ಲು ಉದುರ್ತಿತ್ತಂತೆ, ಅದೇ ರೋಗ. ನೀವು ಓದಿದೋರು, ಎಲ್ಲಾದ್ರೂ ಓದಿರ್ತೀರ."

ಓದಿದ್ದಳು. ಪ್ರತಿ ವರ್ಷ ಕಲಿಸುತ್ತಿದ್ದಳು. ಹೋದ ತಿಂಗಳ ಕಿರುಪರೀಕ್ಷೆಯಲ್ಲಿ 'ಸ್ಕರ್ವಿಗೆ ಕಾರಣವೇನು?' ಎಂದು ಎರಡು ಅಂಕದ ಪ್ರಶ್ನೆ ಕೊಟ್ಟು, ಉತ್ತರ ಪೂರ್ಣವಾಗಿಲ್ಲವೆಂದು ಒಂದು ಹುಡುಗಿಯ ಅರ್ಧ ಅಂಕ ಕತ್ತರಿಸಿದ್ದಳು. ಆ ಅರ್ಧ ಅಂಕ ಈಗ ನಿಡುಗಲ್ಲಿನ ಬೆಟ್ಟದಷ್ಟು ದೊಡ್ಡದಾಗಿ ಕಂಡಿತು. ಅವಳು ಜಗಲಿಯ ಮೇಲೆ ಕೂತಳು. ಚಿರಂಜೀವಿ ಆಕಾಶದಲ್ಲಿ ಏನನ್ನೋ ಹುಡುಕುತ್ತಿದ್ದ.

"ದಿನಾ ಸೊಪ್ಪು, ಸೀಬೆಕಾಯಿ, ನೆಲ್ಲಿಕಾಯಿ ಚೂರು. ಹಲ್ಲು ನೋಯ್ತೈತೆ, ಮೊದ್ಲು ಎರಡು ದಿನ ಅರೆದು ಕುಡ್ಸಿ. ಬದುಕ್ತೈತೆ." ರೇಣುಕಯ್ಯ ಹಿತ್ತಲಿನ ನುಗ್ಗೆಯ ಚಿಗುರು ತಂದು ಕಲ್ಲಿನಲ್ಲಿ ಅರೆದು, ಬೆರಳ ತುದಿಯಿಂದ ಬೆಲ್ಲದ ಬಾಯಿಗೆ ಹಚ್ಚಿದರು. ಬೆಲ್ಲ ನೆಕ್ಕಿತು.

"ನಿಮ್ಮ ಫೀಸು?" ಎಂದಳು ಶಿವಲಕ್ಷ್ಮಿ, ತಲೆ ಎತ್ತದೆ.

"ಇನ್ನೊಂದು ಹತ್ತು ನಿಮಿಷ ಎತ್ಕೊಂಡಿರ್ತೀನಿ, ಅಷ್ಟೇ." ಅವರು ಬೆಲ್ಲದ ನೆತ್ತಿ ಸವರಿದರು. "ನನ್ನ ಕೈಯಿಂದ ಮನೆಗೆ ಹೋಗ್ತಿರೋದು ಇದೇ ಮೊದಲ್ನೇದು."

ಶಿವಲಕ್ಷ್ಮಿ ಗಡಿಯಾರ ನೋಡಲಿಲ್ಲ. ಹತ್ತು ನಿಮಿಷ ಅರ್ಧ ಗಂಟೆಯಾಯಿತು.

ಮೂರನೇ ಭಾನುವಾರ, ಅದೇ ಆರು ನಲವತ್ತಕ್ಕೆ, ತಕ್ಕಡಿ ಎಂಟುನೂರ ತೊಂಬತ್ತೈದು ತೋರಿಸಿತು. ಎಳ್ಳು ನಡುಮನೆಯ ತುಂಬ ಓಡಾಡುತ್ತಿತ್ತು. ಫ್ರಿಜ್ಜಿನ ಬಾಗಿಲಿನಲ್ಲಿ ಚಾರ್ಟ್ ಇರಲಿಲ್ಲ, ಅಂಟಿನ ಗುರುತು ಮಾತ್ರ ಇತ್ತು. ಕರಿಬಸಮ್ಮ ಕಾಲು ಚಾಚಿ ಕೂತು ಕೊತ್ತಂಬರಿ ಕಟ್ಟು ಬಿಚ್ಚಿದರು. ಒಂದು ಕಡ್ಡಿಯನ್ನು ಬೆಲ್ಲಕ್ಕೆ ಕೊಟ್ಟರು. ಇನ್ನೊಂದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಅವತ್ತು ನೀನು ಹೇಳಿದ್ದೆ ನೋಡು ತಾಯಿ, ಇದ್ರಾಗೆ ಎಷ್ಟೈತೆ ಅಂತ. ವಯಸ್ಸಾಯ್ತು, ಮರ್ತೋಯ್ತು. ಎಷ್ಟು ಅಂದೆ?"

ನಲವತ್ತು ವರ್ಷದ ಹಿಂದಿನ ತಮ್ಮ ಮದುವೆಗೆ ಯಾರು ಎಂಥ ಸೀರೆ ಕೊಟ್ಟರೆಂಬುದನ್ನು ಒಂದೂ ಬಿಡದೆ ಹೇಳಬಲ್ಲ ಹೆಂಗಸು ಅವರು. ಚಿರಂಜೀವಿ ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿದ. ಪೇಪರು ಅಲುಗುತ್ತಿತ್ತು.

ಶಿವಲಕ್ಷ್ಮಿ ತಕ್ಕಡಿ ಒರೆಸಿದಳು, ಇನ್ನೊಮ್ಮೆ ಒರೆಸಿದಳು. ಲೆಕ್ಕ ಕೇಳಿದ್ದಾರೆ, ಉತ್ತರಿಸದೆ ಇರಲಾಗುವುದಿಲ್ಲ.

"ಸೊನ್ನೆ," ಎಂದಳು.