ಹತ್ತಕ್ಕೆ ಎಷ್ಟು ಎನ್ನುವ ನನ್ನ ಸೋದರಮಾವ

ನನ್ನ ಸೋದರಮಾವನ ಕಣ್ಣಿಗೆ ಬಿದ್ದ ಮನುಷ್ಯ ಮಾರ್ಕ್ಸ್ ಇಲ್ಲದೆ ಮನೆ ಸೇರಿದ್ದು ಈವರೆಗೆ ಇಲ್ಲ! ಆ ಮಾರ್ಕ್ಸನ್ನೂ ಅವರು ಹಾಕುವುದಿಲ್ಲ, ನಮ್ಮ ಕೈಯಲ್ಲೇ ಹಾಕಿಸುತ್ತಾರೆ. ಗುಂಡ್ಲುಪೇಟೆಯ ಸ್ಕೂಲೊಂದರಲ್ಲಿ ಡ್ರಿಲ್ ಮಾಸ್ತರಾಗಿ ಸೀಟಿ ಊದಿಕೊಂಡಿದ್ದವರು ನಿವೃತ್ತಿಯಾದ ಮೇಲೆ ತೆಪ್ಪಗೆ ಕೂರಬೇಕಿತ್ತೋ ಬೇಡವೋ? ಮೊಬೈಲಿನಲ್ಲೇ ಅದೇನೋ ತರಬೇತಿ ಮುಗಿಸಿ ಲೈಫ್ ಕೋಚ್ ಆಗಿಬಿಟ್ಟರು. ಜನರ ಬದುಕು ತಿದ್ದುವ ಕೆಲಸವಂತೆ. ತಿದ್ದಲು ಅವರ ಹತ್ತಿರ ಇರುವುದು ಒಂದೇ ಪ್ರಶ್ನೆ: "ಈಗ ನಿನ್ನ ಧೈರ್ಯಕ್ಕೆ ಹತ್ತಕ್ಕೆ ಎಷ್ಟು ಕೊಟ್ಕೊಂಡೀಯೆ?" ಮುಂದಿನ ವಾರವೂ ಅದನ್ನೇ ಕೇಳುತ್ತಾರೆ. ಮಾರ್ಕ್ಸ್ ಏರಿದ್ದರೆ ಮನುಷ್ಯ ಸುಧಾರಿಸಿದ ಎಂದು ಅರ್ಥ. ಥರ್ಮಾಮೀಟರ್ ಇಟ್ಟ ಮಾತ್ರಕ್ಕೆ ಜ್ವರ ಇಳಿಯುತ್ತದೆಯೇ ಸ್ವಾಮಿ?

ಅವರ ಮೊದಲ ಗಿರಾಕಿ ಸಂತೆಮರಹಳ್ಳಿಯ ಒಬ್ಬ ಟೈಲರ್. ಬೀಡಿ ಬಿಡಬೇಕೆಂದು ಬಂದವನು. ಮನಸ್ಸು ಎಷ್ಟು ಗಟ್ಟಿಯಾಗಿದೆ ಎಂದು ಕೇಳಿದ್ದಕ್ಕೆ ಮೊದಲ ದಿನವೇ ಹತ್ತು ಎಂದ. ಮುಂದಿನ ವಾರವೂ ಹತ್ತು. ಮಾವ ಅದನ್ನು ಊರೆಲ್ಲ ಹೇಳಿಕೊಂಡು ಬಂದರು. ನಾನು ಸಂತೆಗೆ ಹೋದಾಗ ನೋಡುತ್ತೇನೆ, ಆಸಾಮಿ ಮೆಷಿನ್ ತುಳಿಯುತ್ತಾ ಧಾರಾಳವಾಗಿ ಹೊಗೆ ಬಿಡುತ್ತಿದ್ದಾನೆ! ಇದೇನಯ್ಯಾ ಎಂದರೆ, "ನಮ್ ಮಾರ್ಕ್ಸ್ ನಾವೇ ಆಕ್ಕಳೋದಾದ್ರೆ ಕಮ್ಮಿ ಯಾಕ್ ಆಕ್ಕಳನ ಸಾ?" ಎಂದ.

ನನ್ನನ್ನಾದರೂ ಬಿಟ್ಟರೇ? ಒಮ್ಮೆ ನಮ್ಮ ಮನೆಗೆ ಬಂದಿದ್ದವರು, ನಾನು ಆಫೀಸಿಗೆ ಹೊರಡುವ ಗಡಿಬಿಡಿಯಲ್ಲಿದ್ದಾಗ ಅಡ್ಡ ಬಂದು ನಿನ್ನ ಸಿಟ್ಟಿಗೆ ಎಷ್ಟು ಎಂದರು. ಮೂರು ಎಂದೆ. ನಿಜ ಹೇಳು ಎಂದರು. ರೇಗಿ ಕೂಗಾಡಿದೆ. ಈಗ ಎಂಟಾಯಿತು, ಒಂದೇ ದಿನದಲ್ಲಿ ಇಷ್ಟು ಪ್ರಾಮಾಣಿಕತೆ ಬಂತಲ್ಲ ಎಂದು ಬೆನ್ನು ತಟ್ಟಿದರು! ಇಂಥವರನ್ನು ಏನು ಮಾಡುವುದು ನೀವೇ ಹೇಳಿ.

ಇಷ್ಟನ್ನೂ ಸಹಿಸಿಕೊಳ್ಳಬಹುದಿತ್ತು. ಅಮ್ಮನ ತಂಟೆಗೆ ಬಂದಾಗ ಮಾತ್ರ ನನಗೆ ತಡೆಯಲಾಗಲಿಲ್ಲ. ಅಮ್ಮ ಸೊಂಟದ ಮೂಳೆ ಮುರಿದುಕೊಂಡು, ಆಪರೇಷನ್ ಆಗಿ, ಚಾಮರಾಜನಗರದ ನಮ್ಮ ಮನೆಯಲ್ಲಿ ಮಲಗಿದ್ದಳು. ಮೂಳೆ ಕೂಡಿದೆ, ನಡೆಸಿ, ಇಲ್ಲದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರ್ ಎಚ್ಚರಿಸಿದ್ದರು. ಇವಳು ಹೆದರಿ ಕಾಲೂರಲೊಲ್ಲಳು. ಅವಳಿಗಿದ್ದ ಆಸೆ ಒಂದೇ, ತವರೂರು ಚಂದಕವಾಡಿಗೆ ತಾನೇ ಬಸ್ಸು ಹತ್ತಿ ಹೋಗಿಬರಬೇಕು. ಮಾವ ವಾರವಾರ ಗುಂಡ್ಲುಪೇಟೆಯಿಂದ ಬಂದು ಅಕ್ಕನ ಧೈರ್ಯಕ್ಕೆ ಮಾರ್ಕ್ಸ್ ಕೇಳತೊಡಗಿದರು.

ಮೊದಲ ವಾರ ಅಮ್ಮ ಐದು ಎಂದಳು. ಗೋಡೆ ಹಿಡಿದು ನಿಂತ ವಾರ ನಾಲ್ಕು. ತುಳಸಿಕಟ್ಟೆಯವರೆಗೆ ನಡೆದಳು, ಮೂರು! ಎದುರುಮನೆಗೆ ಹೋಗಿ ಕಾಫಿ ಕುಡಿದು, ಹರಟೆ ಹೊಡೆದು ಬಂದ ವಾರ ಎರಡೇ ಎರಡು! ತಮ್ಮ ವಿದ್ಯೆಯೆಲ್ಲ ಸುಳ್ಳಾಯಿತೆಂದು ಮಾವ ತಲೆಯ ಮೇಲೆ ಕೈ ಹೊತ್ತು ಕೂತರು.

ನಾನು ಉರಿದುಬಿದ್ದೆ. ನಮ್ಮ ಕಡೆ ಚೆನ್ನಾಗಿದ್ದಾಗ ಚೆನ್ನಾಗಿದ್ದೇನೆ ಎಂದು ಯಾರು ಬಾಯಿಬಿಡುತ್ತಾರೆ? ಅರಿಸಿನ ಹುಲುಸಾಗಿ ಬಂದರೆ ಏನೋ ಸುಮಾರು ಅನ್ನುತ್ತೇವೆ. ಮಗು ದುಂಡಗಿದ್ದರೆ ಊಟವೇ ಮಾಡುವುದಿಲ್ಲ ಅನ್ನುತ್ತೇವೆ. ದೃಷ್ಟಿ ತಾಗೀತೆಂಬ ಭಯ! ಎದೆ ಒಡೆಯುವಂಥದ್ದು ಬಂದಾಗಲೇ ಎಲ್ಲ ಚೆನ್ನಾಗಿದೆ ಅನ್ನುವುದು, ಕೇಳಿದವರಿಗೆ ಯಾಕೆ ಸಂಕಟ ಎಂದು. ಇಲ್ಲೇ ಹುಟ್ಟಿದವರಿಗೆ ಇಷ್ಟೂ ತಿಳಿಯಬಾರದೇ ಎಂದು ಬೈದೇಬಿಟ್ಟೆ. ಮಾವ ಎಲ್ಲ ಕೇಳಿಸಿಕೊಂಡು ಎದ್ದುಹೋದರು.

ಮುಂದಿನ ವಾರ ಬಂದವರು ಮತ್ತೆ ಅದೇ ಪ್ರಶ್ನೆ ಕೇಳಿದರು. ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ ಅಮ್ಮ ನಗುತ್ತಾ, "ಹತ್ತು ಕಣ್ಲಾ" ಎಂದಳು. ನಾನು ಹಿಗ್ಗಿ ಹೀರೇಕಾಯಿಯಾಗಿ, ಪಾಯಸ ಮಾಡು ಎಂದು ಹೆಂಡತಿಗೆ ಕೂಗಿ ಹೇಳಿದೆ.

ಮಾವ ನಗಲಿಲ್ಲ. ಅಕ್ಕನ ಕಾಲ ಬಳಿ ನೆಲದ ಮೇಲೆ ಕೂತು ಮೆಲ್ಲಗೆ, "ಎಲ್ ಬಿದ್ದೆ ಅಕ್ಕ?" ಎಂದರು.

ಅಮ್ಮನ ಕಣ್ಣು ತುಂಬಿತು. ಹಿಂದಿನ ದಿನ ಬಚ್ಚಲಲ್ಲಿ ಜಾರಿದ್ದಳಂತೆ. ಹೇಳಿದರೆ ಇನ್ನು ನಡೆಯಲು ಬಿಡುವುದಿಲ್ಲವೆಂದು ಹೆದರಿ ನೋವು ನುಂಗಿಕೊಂಡಿದ್ದಳು. ಗುಂಡ್ಲುಪೇಟೆಯಿಂದ ಬಂದವರಿಗೆ ತಿಳಿದದ್ದು ಒಂದೇ ಸೂರಿನಡಿ ಇದ್ದ ನನಗೆ ತಿಳಿಯಲಿಲ್ಲ. ಅಷ್ಟು ದಿನ ಮಾವನ ಮೇಲಿದ್ದ ಸಿಟ್ಟೆಲ್ಲ ನನ್ನ ಮೇಲೇ ತಿರುಗಿತು.

ಆಟೋದಲ್ಲಿ ಆಸ್ಪತ್ರೆಗೆ ಹೊರಟೆವು. ಮೂಳೆಗೆ ಏನೂ ಆಗಿಲ್ಲ ಎಂದು ಗೊತ್ತಾದದ್ದು ಆಮೇಲೆ. ದಾರಿಯಲ್ಲಿ ಮಾವ ಅಕ್ಕನ ಬೆನ್ನಿಗೆ ಕೈ ಆನಿಸಿ ಕೂತಿದ್ದರು, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಆಟೋ ಕುಲುಕಿದಾಗಲೆಲ್ಲ ಮೆಲ್ಲಗೆ ಓಡಿಸಪ್ಪಾ ಎಂದು ಡ್ರೈವರನಿಗೆ ಹೇಳುತ್ತಿದ್ದರು. ಕೊನೆಗೆ ಅಮ್ಮನೇ ತಮ್ಮನ ಕಡೆ ತಿರುಗಿ ಕೇಳಿದಳು:

"ನಿನ್ ಧೈರ್ಯ ಈಗ ಎಷ್ಟ್ಲಾ?"

"ಹತ್ತು ಕಣಕ್ಕ."

ಅಮ್ಮ ಅವರ ನರೆತ ತಲೆಯನ್ನು ತನ್ನ ಹೆಗಲಿಗೆ ಒರಗಿಸಿಕೊಂಡಳು.