ಚೊಂಬಿಲ್ಲದವರಿಗೆ ಪ್ರವೇಶವಿಲ್ಲ

ಪ್ರತಿಯೊಂದು ಬೆಟ್ಟಕ್ಕೂ ಒಂದು ಚರಿತ್ರೆ ಇರುತ್ತದೆ. ಪ್ರತಿಯೊಂದು ಚರಿತ್ರೆಯ ಹಿಂದೆಯೂ ಒಬ್ಬ ಮಹಾಪುರುಷ ನಿಂತಿರುತ್ತಾನೆ. ಗುಂಡ್ಲುಪೇಟೆಯ ನಮ್ಮ ಬಡಾವಣೆಯ ಗುಡ್ಡಕ್ಕೆ ಚರಿತ್ರೆಯೇ ಇಲ್ಲ. ಮಹಾಪುರುಷರು ಮಾತ್ರ ಇದ್ದರು. ಅವರೂ ನಿಂತಿರಲಿಲ್ಲ; ಗುಡ್ಡದ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರು ನನ್ನ ಸೋದರಮಾವ ಎಂಬ ಸಂಗತಿಯನ್ನು ನಾನು ಬಹಳ ದಿನ ಯಾರಿಗೂ ಹೇಳಿರಲಿಲ್ಲ.

ಮಾವ ಬಂಡೀಪುರದ ಕಾಡಿನಲ್ಲಿ ಮೂವತ್ತು ವರ್ಷ ವಾಚರ್ ಆಗಿದ್ದವರು. ಎರಡು ಸಾವಿರದ ಇಸವಿಗೆ ಸ್ವಲ್ಪ ಮುಂಚೆ ಸರ್ಕಾರ ಅವರನ್ನು ನಿವೃತ್ತಿಗೊಳಿಸಿತು. ಆ ವಿಷಯವನ್ನು ಅವರಿಗೆ ಸರಿಯಾಗಿ ತಿಳಿಸಿದಂತೆ ಕಾಣಲಿಲ್ಲ. ಊರಿಗೆ ಬಂದವರೇ, ಮನೆಯೆದುರಿನ ಬೋಳುಗುಡ್ಡದಲ್ಲಿ ನಾವೆಲ್ಲ ಶ್ರದ್ಧೆಯಿಂದ ಸುರಿದಿದ್ದ ಕಸವನ್ನು ಎತ್ತಿಸಿ, ಬೇವು, ಹೊಂಗೆ, ನೇರಳೆ ನೆಟ್ಟರು. ಹತ್ತಲು ಮೆಟ್ಟಿಲು, ಕೂರಲು ಎರಡು ಕಲ್ಲುಬೆಂಚು ಹಾಕಿಸಿ ‘ಪಾರ್ಕು’ ಎಂದು ಘೋಷಿಸಿದರು. ಅಲ್ಲಿಗೇ ಬಿಟ್ಟಿದ್ದರೆ ಬಡಾವಣೆ ಸುಖವಾಗಿರುತ್ತಿತ್ತು! ಗಿಡಗಳು ಆಳೆತ್ತರ ಆದಮೇಲೆ ಒಂದು ಬೆಳಿಗ್ಗೆ ಮೆಟ್ಟಿಲುಗಳ ಬುಡಕ್ಕೆ ಅಡ್ಡಲಾಗಿ ಬಿದಿರಿನ ಗಳ ಕಟ್ಟಿಬಿಟ್ಟರು. ಚೆಕ್‌ಪೋಸ್ಟ್! ಪಕ್ಕದಲ್ಲಿ ನೀರಿನ ಡ್ರಮ್ಮು, ಚೊಂಬುಗಳ ಸಾಲು. ಮೇಲೆ ಹೋಗುವವರು ಒಂದು ಚೊಂಬು ನೀರು ಹೊತ್ತು, ಮಾವ ಹೇಳಿದ ಗಿಡಕ್ಕೇ ಹುಯ್ಯಬೇಕು. ಇಲ್ಲದಿದ್ದರೆ ಗಳ ಏಳುವುದಿಲ್ಲ.

“ಡಾಕ್ಟ್ರು ಬರೀ ನಡಿ ಅಂದವ್ರೆ ಕಣಣ್ಣ, ನೀರು ಹೊರು ಅಂದಿಲ್ಲ,” ಎಂದು ಸಕ್ಕರೆ ಕಾಯಿಲೆಯ ಬೆಲ್ಲದಂಗಡಿಯವರು ಗೋಗರೆದರು.

“ಮರ್ತು ಬುಟ್ಟವ್ರೆ. ನಾನ್ ಏಳ್ತಾ ಇವ್ನಲ್ಲ, ಇಡ್ಕೊ.”

ಕೈ ಕೈ ಹಿಡಿದು ಬಂದ ಪ್ರೇಮಿಗಳಿಗೆ ಎರಡೆರಡು ಚೊಂಬು. ಹಿಡಿಯಲು ಕೈಯಾದರೂ ಎಲ್ಲಿ ಉಳಿಯಬೇಕು? ಮಾವನ ಆಡಳಿತದಲ್ಲಿ ಬಡಾವಣೆಯ ಹಿರಿಯರು ಸರ್ವಾನುಮತದಿಂದ ಮೆಚ್ಚಿದ ಕ್ರಮ ಇದೊಂದೇ.

ಹತ್ತುವುದಕ್ಕಿಂತ ಇಳಿಯುವುದು ಕಷ್ಟವಾಗಿತ್ತು. ಇಳಿದವರಿಗೆ ವಿಚಾರಣೆ!

“ಮೂರನೇ ತಿರುವಿನ ಬೇವು ಎಂಗದೆ?”

“ಚೆನ್ನಾಗದೆ.”

“ಚೆನ್ನಾಗದೆ ಅಂದ್ರೆ? ಚಿಗುರು ಕೆಂಪಗದೋ, ಅಸುರಗದೋ?”

ಗೊತ್ತಿಲ್ಲ ಎಂದವರು ಇನ್ನೊಮ್ಮೆ ಹತ್ತಿ ನೋಡಿಕೊಂಡು ಬರಬೇಕು. ಒಂದು ನೇರಳೆಗಿಡದ ಯೋಗಕ್ಷೇಮ ತಿಳಿಯಲು ನಾನು ಒಂದೇ ಬೆಳಿಗ್ಗೆ ಎರಡು ಸಲ ಗುಡ್ಡ ಹತ್ತಿದ್ದೇನೆ. ನೀರು ಹುಯ್ದವನ ಮಾತನ್ನೇ ನಂಬದ ಇಂಥ ಸಂಶಯಪಿಶಾಚಿ ನಮ್ಮ ವಂಶದಲ್ಲೇ ಹುಟ್ಟಬೇಕಿತ್ತೇ?

ಹೀಗಿರಲು, ಗುಡ್ಡದ ತಲೆ ಸವರಿ ನೀರಿನ ಟ್ಯಾಂಕು ಕಟ್ಟುತ್ತಾರೆ ಎಂಬ ಸುದ್ದಿ ಬಂತು. ಮರಗಳೆಲ್ಲ ಹೋಗಬೇಕು. ಜಾಗಕ್ಕೆ ಐತಿಹಾಸಿಕ ಮಹತ್ವವಿದ್ದರೆ ಬಿಟ್ಟಾರು ಎಂದು ಯಾರೋ ಆಸೆ ಹುಟ್ಟಿಸಿದರು. ಒಂದೇ ವಾರದಲ್ಲಿ ಬೆಲ್ಲದಂಗಡಿಯವರು ಮೇಲಿನ ಬಂಡೆಯಲ್ಲಿ ಭೀಮನ ಹೆಜ್ಜೆ ಕಂಡುಹಿಡಿದರು! ಹೂವು, ಅರಿಶಿನ ಕುಂಕುಮವೂ ಬಿದ್ದವು.

“ಅದು ಕಲ್ಲು ಒಡಿಯೋರು ಮಾಡಿದ ಗುಳಿ ಕಣ್ಲಾ,” ಎಂದರು ಮಾವ. “ಭೀಮನೇ ಬಂದಿದ್ರೂ ಚೊಂಬು ಇಲ್ದೆ ನಾ ಮ್ಯಾಕೆ ಬುಡ್ತಿದ್ನಾ?”

ಟ್ಯಾಂಕಿನ ಜಾಗ ನೋಡಲು ಇಂಜಿನಿಯರು ಜೀಪಿನಲ್ಲಿ ಬಂದಿಳಿದರು. ನಾವೆಲ್ಲ ಕೈಕಟ್ಟಿ ನಿಂತೆವು. ಗಳ ಮಾತ್ರ ಏಳಲಿಲ್ಲ.

“ಏನಪ್ಪಾ ಯಜಮಾನ, ಈ ಗುಡ್ಡದ ಚರಿತ್ರೆ ಏನು?”

ಬೆಲ್ಲದಂಗಡಿಯವರು ಹಿಂದಿನಿಂದ ಭೀಮ, ಭೀಮ ಎಂದು ಪಿಸುಗುಟ್ಟಿದರು.

“ಏನೂ ಇಲ್ಲ ಸ್ವಾಮಿ. ಕಲ್ಲಿತ್ತು, ಕಸ ಆಯ್ತು, ಈಗ ಮರ ಅವೆ.” ನಾವು ಹಣೆ ಚಚ್ಚಿಕೊಂಡೆವು. ಮಾವ ಮುಂದುವರಿಸಿದರು: “ಟ್ಯಾಂಕಿಗಾದ್ರೆ ನೀವು ಕಾಲು ಕಟ್ತೀರಿ. ಸಂತೆಮಾಳದ ಇಂದ್ಗಡೆ ದಿಬ್ಬದ ಮ್ಯಾಗೂ ನಿಂತ್ಕತದೆ. ಮರ ಎದ್ದು ಎಲ್ಲಿಗ್ ಓದಾವು?”

“ಮಾತು ಚೆನ್ನಾಗಿ ಬರುತ್ತೆ. ನಡೀರಿ, ಮೇಲೆ ತೋರಿಸಿ.”

ಮಾವ ಏಳಲಿಲ್ಲ. ಚೊಂಬು ಮುಂದೆ ಮಾಡಿದರು. “ನೀವೇ ಓಗ್ಬನ್ನಿ ಸ್ವಾಮಿ. ಮೂರನೇ ತಿರುವಿನ ಬೇವಿಗೆ ಉಯ್ಯಿ.”

ಮುಗಿಯಿತು ಎಂದುಕೊಂಡೆವು. ಆದರೆ ಪುಣ್ಯಾತ್ಮರು ನಕ್ಕು, ಚೊಂಬು ಹಿಡಿದು ಹತ್ತಿದರು. ಇಳಿದು ಬರುವಷ್ಟರಲ್ಲಿ ಒಂದು ಗಂಟೆ ಕಳೆದಿತ್ತು.

“ಬೇವು ಎಂಗದೆ ಸ್ವಾಮಿ?”

“ಹೂ ಬಿಟ್ಟಿದೆ. ಅದರ ನೆರಳಲ್ಲೇ ಕೂತಿದ್ದೆ ಇಷ್ಟು ಹೊತ್ತು.”

“ಊ ಬುಟ್ಟದಾ?” ಮಾವ ಕುರ್ಚಿಯ ಕೈ ಹಿಡಿದು ಅರ್ಧ ಎದ್ದರು, ಹಾಗೇ ಕೂತರು.

“ಯಾಕೆ, ನೀವು ನೋಡಿಲ್ವಾ?”

“ನಾಕು ವರ್ಸ ಆಯ್ತು ಮ್ಯಾಕೆ ಓಗಿ. ಮಂಡಿ ಬುಡಾಕಿಲ್ಲ.” ಮಾವ ನಮ್ಮತ್ತ ಕೈ ತೋರಿದರು. “ಇವರು ಓಗ್ಬರ್ತಾರಲ್ಲ, ಕೇಳ್ಕತೀನಿ.”

ಗಳ ಕಟ್ಟಿ ಆಗಲೇ ನಾಲ್ಕು ವರ್ಷವಾಗಿತ್ತು. ಕೆಂಪೋ ಹಸಿರೋ ಎಂದು ಅವರು ಕೇಳಿದಾಗಲೆಲ್ಲ ನಾನು ಬಾಯಿಗೆ ಬಂದ ಬಣ್ಣ ಹೇಳಿದ್ದೆ. ಬೆಲ್ಲದಂಗಡಿಯವರು ಯಾರ ಮುಖವನ್ನೂ ನೋಡದೆ ಎರಡು ಚೊಂಬು ತುಂಬಿಕೊಂಡು ಮೆಟ್ಟಿಲು ಹತ್ತಿದರು.

ಮುಂದಿನ ಭಾನುವಾರ ನಾವು ನಾಲ್ವರು ಮಾವನನ್ನು ಕುರ್ಚಿಸಮೇತ ಹೊತ್ತೆವು. “ಡಾಕ್ಟ್ರು ಇದನ್ನೂ ಹೇಳಿರ್ನಿಲ್ಲ,” ಎಂದು ಒಂದು ಕಾಲು ಹಿಡಿದಿದ್ದ ಬೆಲ್ಲದಂಗಡಿಯವರು ಏದುಸಿರು ಬಿಟ್ಟರು. ಮಾವನ ಮಡಿಲಲ್ಲಿ ಚೊಂಬಿತ್ತು. ಅದಿಲ್ಲದೆ ಹೊರಡಲು ಅವರು ಒಪ್ಪಿರಲಿಲ್ಲ. ಮೂರನೇ ತಿರುವಿಗೆ ಬರುವಷ್ಟರಲ್ಲಿ ಅರ್ಧ ನೀರು ಪಂಚೆಯ ಮೇಲೆ ಚೆಲ್ಲಿತ್ತು. ಉಳಿದರ್ಧವನ್ನು ಬೇವಿನ ಬುಡಕ್ಕೆ ನಿಧಾನವಾಗಿ ಹುಯ್ದರು. ಆಮೇಲೆ ತಲೆಯೆತ್ತಿ ಚಿಗುರು ನೋಡಿದರು. ನನ್ನನ್ನೂ ನೋಡಿದರು. ಏನೂ ಕೇಳಲಿಲ್ಲ.

ಟ್ಯಾಂಕನ್ನು ಸಂತೆಮಾಳದ ಹಿಂದಿನ ದಿಬ್ಬದ ಮೇಲೆ ಕಟ್ಟಿದರು.