ಮಹಾಬಲ ಮೇಷ್ಟ್ರ ಸೋರದ ಕೊಳವೆ

ಇನ್ನು ಮುಂದೆ ಶಿಕಾರಿಪುರದಿಂದ ಸೊರಬದವರೆಗೆ ತಮ್ಮ ಕಾರನ್ನು ಯಾವ ಗಾಡಿಯೂ ಹಿಂದೆ ಹಾಕಕೂಡದು, ಹಾಕಿದರೆ ಅದು ಆಂಬುಲೆನ್ಸ್ ಆಗಿರಬೇಕು ಎಂದು ಮಹಾಬಲ ಮೇಷ್ಟ್ರು ಶನಿವಾರ ಬೆಳಿಗ್ಗೆ ಮೀಸೆ ತೀಡುತ್ತ ಘೋಷಿಸಿದರು. ಸಭಿಕರ ಸಂಖ್ಯೆ ಒಂದು. ಅದು ಅವರ ಹೆಂಡತಿ ವಿನೋದಾ. ಅವರೋ ಮೊರದ ಮುಂದೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

ಘೋಷಣೆಯ ಹಿಂದೆ ಕೊರಿಯರ್‌ನಲ್ಲಿ ಬಂದ ಒಂದು ಉದ್ದನೆಯ ಡಬ್ಬ ಇತ್ತು. ಡಬ್ಬದೊಳಗೆ ರ‍್ಯಾಮ್ ಏರ್ ಇನ್‌ಟೇಕ್ ಎಂಬ ಭಾರಿ ಹೆಸರಿನ, ಮುಷ್ಟಿಗಾತ್ರದ ಅಲ್ಯೂಮಿನಿಯಂ ಕೊಳವೆ. ಅದರ ಒಂದು ಬಾಯಿ ಬಂಪರಿನ ಕೆಳಗೆ ರಸ್ತೆಗೆ ಎದುರಾಗಿ ತೆರೆದಿರುತ್ತದೆ, ಇನ್ನೊಂದು ಇಂಜಿನ್ನಿಗೆ ಗಾಳಿ ಕೊಡುವ ಡಬ್ಬಿಗೆ ಸೇರುತ್ತದೆ. ಕಾರು ಓಡಿದಷ್ಟೂ ಎದುರುಗಾಳಿ ನುಗ್ಗುತ್ತದೆ, ಗಾಳಿ ನುಗ್ಗಿದಷ್ಟೂ ಇಂಜಿನ್ನಿಗೆ ಹುರುಪು, ಹುರುಪು ಬಂದಷ್ಟೂ ಕಾರಿಗೆ ಓಟ. ಹೈಸ್ಕೂಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ವಿಜ್ಞಾನ ಹೇಳುತ್ತಿರುವ ಮೇಷ್ಟ್ರು ಈ ಮಹಾತತ್ವವನ್ನು ಮೊರದಲ್ಲಿ ಅವರೆಕಾಳು ಜೋಡಿಸಿ ತೋರಿಸಿದರು. ಇಂಜಿನ್ನಾಗಿ ನಿಂತಿದ್ದ ಕಾಳನ್ನು ವಿನೋದಾ ಎತ್ತಿ ಪಾತ್ರೆಗೆ ಹಾಕಿಕೊಂಡರು.

ಅವರ ಚಿಂತೆ ಬೇರೆಯೇ ಇತ್ತು. ಮರುದಿನ ತವರೂರು ಹೊಸಬಾಳೆಯಲ್ಲಿ ಅವರ ತಮ್ಮ ಅಭಿಜ್ಞನ ಮಗಳಿಗೆ ಹೆಸರಿಡುವ ಶಾಸ್ತ್ರ. ಸೋದರತ್ತೆ ಬಂದು ಕಿವಿಯಲ್ಲಿ ಹೆಸರು ಹೇಳದ ಹೊರತು ಮಗುವಿಗೆ ಹೆಸರಿಲ್ಲ. ಮುಹೂರ್ತ ಹನ್ನೊಂದಕ್ಕೆ. ಅಭಿಜ್ಞನ ಮದುವೆಗೆ ಹೊರಟಾಗ ಇದೇ ಹದಿನೆಂಟು ವರ್ಷದ ಕಾರು ಅರ್ಧದಾರಿಯಲ್ಲಿ ಮಲಗಿ, ಅಕ್ಕ ತಲುಪುವಷ್ಟರಲ್ಲಿ ಧಾರೆ ಮುಗಿದು ಎರಡನೇ ಪಂಕ್ತಿಗೆ ಪಾಯಸ ಬಡಿಸುತ್ತಿದ್ದರು.

"ನೋಡಿ, ನಾಳೆ ದಾರೀಲಿ ಇದು ಒಂದೇ ಒಂದು ಸಲ ನಿಂತ್ರೂ ಕೀ ಅಭಿಜ್ಞನ ಕೈಗೆ," ಎಂದರು ವಿನೋದಾ. "ಹಿಂಡಿ ಚೀಲ ಸಾಗಿಸ್ಲಿಕ್ಕೆ ಒಂದು ಗಾಡಿ ಬೇಕು ಅಂತ ಅವ ಎರಡು ವರ್ಷದಿಂದ ಹೇಳ್ತಾ ಇದ್ದಾನೆ."

ತಮ್ಮ ಕಾರಿನಲ್ಲಿ ಹಿಂಡಿ ಚೀಲ! ಮೇಷ್ಟ್ರ ಎದೆ ಧಸಕ್ಕೆಂದಿತು. ಆದರೆ ಬಾಯಿ ಯಾವತ್ತಿನಂತೆ ಎದೆಯ ಮಾತು ಕೇಳಲಿಲ್ಲ.

"ನಿಂತ್ರೆ ಕೀ ಯಾಕೆ, ಈ ಮೀಸೆನೂ ಕೊಡ್ತೀನಿ."

ಮೆಕ್ಯಾನಿಕ್ ಉಜ್ಜಪ್ಪ ಕೊಳವೆ ಕೂರಿಸಿದ. ಆದರೆ ಡಬ್ಬಿಗೆ ಅದು ಸೇರುವ ಜಾಗದಲ್ಲಿ ಒಂದು ಬೆರಳು ತೂರುವಷ್ಟು ಸಂದು. ಡಬ್ಬದಲ್ಲಿ ಬಂದ ರಬ್ಬರ್ ಬಳೆ ಬೇರೆ ಯಾವುದೋ ಕಾರಿನ ಅಳತೆಯದು. ಸಿಲಿಕಾನ್ ತುಂಬಬೇಕು, ಅದು ಗಟ್ಟಿಯಾಗಲು ಒಂದು ದಿನ ಬೇಕು, ಸೋಮವಾರ ತನ್ನಿ ಎಂದ.

"ಮುಂದಿನ ಬಾಯಿಗೂ ಒಂದು ಜಾಲರಿ ಬಡೀಬೇಕ್ರಿ ಮೇಷ್ಟ್ರೇ. ರಸ್ತೆ ನೆಕ್ಕೋ ಹಂಗೈತಿ."

ಜಾಲರಿಯಿಂದ ಗಾಳಿಯ ಓಟಕ್ಕೆ ಅಡ್ಡಿಯಾಗುತ್ತದೆ ಎಂದು ಮೇಷ್ಟ್ರು ಅವನಿಗೆ ಕಾಲು ಗಂಟೆ ಪಾಠ ಹೇಳಿದರು. ಕೊಳವೆಗೆ ಜಾಗ ಮಾಡಲು ಬಿಚ್ಚಿದ, ಗಾಳಿ ಸೋಸುವ ಹಳೆಯ ಫಿಲ್ಟರನ್ನು ಉಜ್ಜಪ್ಪ ಪೇಪರಿನಲ್ಲಿ ಸುತ್ತಿ ಕೊಟ್ಟ. ಮನೆಗೆ ಬಂದು ಮೇಷ್ಟ್ರು ಅದನ್ನು ಕಸದ ಬುಟ್ಟಿಗೆ ಹಾಕಿದರು. ವಿನೋದಾ ಎತ್ತಿ ಡಿಕ್ಕಿಯಲ್ಲಿಟ್ಟರು.

ಸಂದಿಗೆ ಏನು ಮಾಡುವುದು? ಆಗ ಮೇಷ್ಟ್ರ ಕಣ್ಣು ಬಚ್ಚಲುಮನೆಯ ಗೂಡಿಗೆ ಬಿತ್ತು. ಅಲ್ಲಿ ಕಡ್ಡಿಗೆ ಸುತ್ತಿಟ್ಟ, ತೆಂಗಿನಕಾಯಿ ಗಾತ್ರದ ಹಲಸಿನ ಮೇಣದ ಉಂಡೆ. ವಿನೋದಾ ತವರಿನಿಂದ ತಂದದ್ದು. ಬಕೆಟ್ಟು ತೂತಾದರೂ ಕೊಡ ಬಿರಿದರೂ ಹೊಸಬಾಳೆಯಲ್ಲಿ ಮೇಣವನ್ನು ದೀಪಕ್ಕೆ ಹಿಡಿದು ಮೆತ್ತಗೆ ಮಾಡಿ ಮೆತ್ತುತ್ತಾರೆ. ಆರಿದ ಮೇಲೆ ಅದು ಕಲ್ಲು. ನೀರನ್ನೇ ತಡೆಯುವ ಮೇಣ ಗಾಳಿಯನ್ನು ತಡೆಯದೇ?

ಮೇಣದಬತ್ತಿ ಹಚ್ಚಿ, ಉಂಡೆ ಕರಗಿಸಿ, ಸಂದಿನ ಸುತ್ತ ಮೂರು ಸುತ್ತು ಬಳಿದರು. ಆರಿದ ಮೇಲೆ ಮುಂದಿನ ಬಾಯಿಗೆ ತಾವೇ ಬಾಯಿಟ್ಟು, ಬಂಪರಿನ ಎದುರು ಸಾಷ್ಟಾಂಗ ಬಿದ್ದು ಕೆನ್ನೆ ನೋಯುವವರೆಗೆ ಊದಿದರು. ಸಂದಿನಲ್ಲಿ ಒಂದು ಎಳೆ ಗಾಳಿಯೂ ಸೋರಲಿಲ್ಲ. ಸಂಜೆಯ ತಂಪಿನಲ್ಲಿ ಅಂಜನಾಪುರದವರೆಗೆ ಮೆಲ್ಲಗೆ ಹೋಗಿ ಬಂದದ್ದೂ ಆಯಿತು. ಅಂದು ಅವರು ಊಟಕ್ಕೆ ಕೂತ ರೀತಿಯೇ ಬೇರೆ ಇತ್ತು.

ಭಾನುವಾರ ಶಿಕಾರಿಪುರ ದಾಟುತ್ತಿದ್ದಂತೆ ಕಾರು ಗುಟುರು ಹಾಕಿತು. ಸದ್ದು ಹೆಚ್ಚಿದೆ ಎಂದ ಮೇಲೆ ವೇಗವೂ ಹೆಚ್ಚಿರಲೇಬೇಕು ಎಂದು ಮೇಷ್ಟ್ರು ಕಿವಿಯಿಂದಲೇ ಲೆಕ್ಕ ಹಾಕಿ, ಸೊರಬದ ಬಸ್ಸನ್ನು ಹಿಂದೆ ಹಾಕಿದರು. ಹಾಕಿದ್ದಷ್ಟೇ ಅಲ್ಲ, ಮೂರು ಸಲ ಹಾರ್ನ್ ಹೊಡೆದು ಡ್ರೈವರಿಗೆ ಕೈ ಬೀಸಿದರು. ವಿನೋದಾ ಸೆರಗು ಮುಖಕ್ಕೆ ಎಳೆದುಕೊಂಡರು.

ತಾಳಗುಂದದ ಹತ್ತಿರ ರಸ್ತೆಯ ತುಂಬ ಹುರುಳಿ ಗಿಡ ಹರಡಿತ್ತು. ಸುಗ್ಗಿಯಲ್ಲಿ ಇಲ್ಲಿ ಟಾರು ರಸ್ತೆಯೇ ಕಣ, ಹೋಗಿ ಬರುವ ಗಾಡಿಗಳೇ ಒಕ್ಕಣೆಯ ಎತ್ತು. ಬೇರೆಯವರು ಅಲ್ಲಿ ನಿಧಾನಿಸುತ್ತಾರೆ. ಎದುರುಗಾಳಿಯ ತತ್ವ ಬಲ್ಲ ಮೇಷ್ಟ್ರು ಆಕ್ಸಿಲರೇಟರ್ ಒತ್ತಿದರು. ಬಂಪರಿನ ಕೆಳಗಿನ ಬಾಯಿ ಹೊಟ್ಟು, ಸಿಪ್ಪೆ, ಎಲೆ, ಕಡ್ಡಿ ಯಾವುದನ್ನೂ ಬೇಡವೆನ್ನದೆ ನುಂಗಿತು. ಕಾರು ಒಮ್ಮೆ ಸೀನಿತು, ಎರಡು ಸಲ ಕೆಮ್ಮಿತು, ಆಮೇಲೆ ಹುರುಳಿಯ ನಟ್ಟನಡುವೆ ಉಸಿರು ಬಿಟ್ಟು ನಿಂತಿತು.

ವಿನೋದಾ ಗಡಿಯಾರ ನೋಡಿಕೊಂಡರು. ಹತ್ತು ಗಂಟೆ. ಅಂಗೈ ಚಾಚಿದರು.

"ಇದು ನಿಂತದ್ದಲ್ಲ, ನಾನೇ ನಿಲ್ಲಿಸಿದ್ದು," ಎಂದು ಮೇಷ್ಟ್ರು ಕೀಯನ್ನು ಜೇಬಿಗಿಳಿಸಿ ಬಾನೆಟ್ ಎತ್ತಿದರು.

ಒಳಗೆ ಇಂಜಿನ್ನಿನ ಬಿಸಿಗೆ ಮೇಣ ಕರಗಿ ದಾರದಾರವಾಗಿ ಇಳಿಬಿದ್ದಿತ್ತು. ಕೊಳವೆ ಜಾರಿತ್ತು. ಡಬ್ಬಿಯಲ್ಲಿ ಸೇರುಗಟ್ಟಲೆ ಹೊಟ್ಟು. ಅದನ್ನು ತೆಗೆಯಲು ಮೇಷ್ಟ್ರು ಬಲಗೈ ಹಾಕಿದರು, ಅಂಟಿತು. ಬಲಗೈ ಬಿಡಿಸಲು ಎಡಗೈ ಹಾಕಿದರು, ಅದೂ ಅಂಟಿತು. ಶುಭಕಾರ್ಯಕ್ಕೆಂದು ಜರಿ ಅಂಚಿನ ಪಂಚೆ ಉಟ್ಟಿದ್ದ ವಿಜ್ಞಾನದ ಮೇಷ್ಟ್ರು ಕಾರಿನ ಹೊಟ್ಟೆಗೆ ಎರಡೂ ಕೈ ಕೊಟ್ಟು ಬಗ್ಗಿ ನಿಂತರು.

"ಒಂದು ಮಾತು ಕೇಳ್ಲಾ?" ವಿನೋದಾ ಪಕ್ಕಕ್ಕೆ ಬಂದರು. "ನಿನ್ನೆ ಮೇಣ ಕರಗ್ಲಿ ಅಂತ ಬೆಂಕಿಗೆ ಹಿಡಿದ್ರಿ. ಆಮೇಲೆ ಅದನ್ನ ತಂದು ಇಂಜಿನ್ನಿಗೆ ಹಚ್ಚಿದ್ರಿ. ಶಾಲೇಲಿ ಮಕ್ಕಳಿಗೆ ಏನು ಹೇಳಿಕೊಡ್ತೀರಿ ನೀವು?"

ಉತ್ತರ ಹೇಳುವ ಮೊದಲೇ ಹಿಂದಿನಿಂದ ಹಾರ್ನ್ ಕೇಳಿತು. ಮೂರು ಸಲ. ಅದೇ ಬಸ್ಸು. ಡ್ರೈವರು ಅಷ್ಟೇ ಪ್ರೀತಿಯಿಂದ ಕೈ ಬೀಸಿದ. ವಿನೋದಾ ಗಂಡನ ಜೇಬಿನಿಂದ ತಾವೇ ಕೀ ತೆಗೆದುಕೊಂಡು ಬಸ್ಸು ಹತ್ತಿದರು. ತಡೆಯೋಣವೆಂದರೆ ಮೇಷ್ಟ್ರಿಗೆ ಕೈ ಇರಲಿಲ್ಲ.

ಹುರುಳಿಯ ಯಜಮಾನ ಹುಚ್ಚರಾಯಪ್ಪನ ಹೆಂಡತಿ ಹೂವಮ್ಮ ಮನೆಯಿಂದ ಕೊಬ್ಬರಿ ಎಣ್ಣೆ ತಂದು ಸುರಿದ ಮೇಲೆ ಕೈಗಳು ಈಚೆ ಬಂದವು, ಮೊಣಕೈವರೆಗೆ ಮೇಣ, ಮೇಣದ ತುಂಬ ಹೊಟ್ಟು. ಬೆಳೆ ಹಾಳಾಯಿತೆಂದು ಹುಚ್ಚರಾಯಪ್ಪ ಬೈಯುತ್ತಾನೇನೋ ಎಂದು ಮೇಷ್ಟ್ರು ಕ್ಷಮೆ ಕೇಳಲು ಹೊರಟರೆ, ಆತ ರಸ್ತೆಯನ್ನೇ ನೋಡುತ್ತಿದ್ದ.

"ಅದಿರ್ಲಿ ಬಿಡ್ರಿ. ನೀವು ಬಂದ ದಾರಿ ನೋಡ್ರಿ ಒಂದೀಟು. ಹೊಟ್ಟೆಲ್ಲ ನಿಮ್ಮ ಕಾರು ತಿಂದೈತಿ, ಕಾಳು ಉಳದೈತಿ. ತೂರೋ ಕೆಲಸಾನೇ ತಪ್ತು. ಇನ್ನೊಂದು ಸರ್ತಿ ಹಿಂದಕ್ಕ ತಗೊಂಡು ಬರ್ತೀರೇನು?"

ಮೇಷ್ಟ್ರ ಎರಡು ದಿನದ ವಿಜ್ಞಾನವನ್ನು ಮನಸಾರೆ ಮೆಚ್ಚಿದ ಏಕೈಕ ವ್ಯಕ್ತಿ ಅವನು.

ಮಧ್ಯಾಹ್ನ ಅಭಿಜ್ಞ ಪಿಕಪ್ ತಂದು, ಕಾರಿಗೆ ಹಗ್ಗ ಕಟ್ಟಿ ಹೊಸಬಾಳೆಗೆ ಎಳೆದ. ಸೋದರತ್ತೆ ಹನ್ನೊಂದಕ್ಕೆ ಮೊದಲೇ ತಲುಪಿ ಕಿವಿಯಲ್ಲಿ ಹೆಸರು ಹೇಳಿಯಾಗಿತ್ತು. ಅಂಗಳದಲ್ಲಿ ಅವನು ಕೊಳವೆ ಕಿತ್ತು ಪಕ್ಕಕ್ಕಿಟ್ಟು, ಹೊಟ್ಟು ಕೆರೆದು ತೆಗೆದು, ಡಿಕ್ಕಿಯಲ್ಲಿದ್ದ ಹಳೆಯ ಫಿಲ್ಟರನ್ನು ಕೂರಿಸಿ ಕೀ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್!

"ಒಳ್ಳೆ ಗಾಡಿ ಭಾವ," ಎಂದು ಅವನು ಆಗಲೇ ಹಿಂದಿನ ಸೀಟು ಮಡಚಿ ಎಷ್ಟು ಚೀಲ ಹಿಡಿಸೀತು ಎಂದು ಮೊಳ ಹಾಕತೊಡಗಿದ.

ಮೇಷ್ಟ್ರಿಗೆ ನೋಡಲಾಗಲಿಲ್ಲ. ಮೈಗಂಟಿದ ಮೇಣವಾದರೂ ಹೋಗಲಿ ಎಂದು ಬಚ್ಚಲಿಗೆ ನಡೆದರೆ, ಹಂಡೆಯ ಒಲೆಯಲ್ಲಿ ಉರಿ ಆರಿ ಕೆಂಡವಷ್ಟೇ ಉಳಿದಿತ್ತು. ಸಮಾರಂಭದ ಗಡಿಬಿಡಿಯಲ್ಲಿ ಊದುಗೊಳವೆ ಎಲ್ಲೋ ಕಾಣೆಯಾಗಿತ್ತು. ಅಂಗಳದಲ್ಲಿ ತಮ್ಮದೇ ಅಲ್ಯೂಮಿನಿಯಂ ಕೊಳವೆ ಬಿದ್ದಿತ್ತು.

ಅದನ್ನೇ ತಂದು ಒಂದು ತುದಿ ಕೆಂಡಕ್ಕೆ ಹಿಡಿದು, ಇನ್ನೊಂದಕ್ಕೆ ಬಾಯಿ ಕೊಟ್ಟು ಊದಿದರು. ಒಲೆ ಭಗ್ ಎಂದು ಹತ್ತಿತು. ಆಹಾ, ತತ್ವ ತಪ್ಪಿರಲಿಲ್ಲ! ಹುರುಪಿನಿಂದ ಇನ್ನೂ ಹತ್ತು ಸಲ ಊದಿದರು. ಬಾಯಿ ಕೊಟ್ಟ ತುದಿಯೇ ತಾವು ಮೂರು ಸುತ್ತು ಮೇಣ ಬಳಿದ ತುದಿ ಎಂಬುದು, ಬೆಂಕಿಯ ಬಿಸಿ ಲೋಹದಲ್ಲಿ ಹರಿದು ಬರುತ್ತದೆ ಎಂಬುದು ಅವರಿಗೆ ನೆನಪಾದದ್ದು ಕೊಳವೆ ತೆಗೆಯಲು ಹೋದಾಗ. ಅದು ಬರಲಿಲ್ಲ. ಮೀಸೆಯ ಒಂದೊಂದು ಕೂದಲನ್ನೂ ಮೇಣ ಹಿಡಿದುಕೊಂಡಿತ್ತು. ಆ ಕೊಳವೆಯ ಜೀವಮಾನದಲ್ಲೇ ಅಷ್ಟು ಬಿಗಿಯಾದ ಸೀಲ್ ಬಿದ್ದಿರಲಿಲ್ಲ.

ಕೊಳವೆಯೊಳಗಿಂದ ಬಂದ ಆನೆ ಘೀಳಿಟ್ಟಂಥ ಸದ್ದಿಗೆ ವಿನೋದಾ ಓಡಿ ಬಂದರು. ತೊಟ್ಟಿಲಿಗೆ ಕಟ್ಟಿದ್ದ ಹೂವಿನ ಸರ ಕತ್ತರಿಸಿ ತೆಗೆಯುತ್ತಿದ್ದ ಕತ್ತರಿ ಕೈಯಲ್ಲೇ ಇತ್ತು. ಗಂಡನನ್ನು, ಕೊಳವೆಯನ್ನು, ಮೀಸೆಯನ್ನು ಒಂದೊಂದಾಗಿ ನೋಡಿದರು. ಮೆಲ್ಲಗೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತರು.

"ಕೀ ಅಂತೂ ಅಭಿಜ್ಞನಿಗೆ ಕೊಟ್ಟಾಯ್ತು," ಎಂದು ಕತ್ತರಿಯನ್ನು ಸೆರಗಿಗೆ ಒರೆಸಿಕೊಂಡರು. "ಇನ್ನೂ ಒಂದು ಏನೋ ಕೊಡ್ತೀನಿ ಅಂದಿದ್ರಲ್ಲ?"